ಸವಿತಾಳ ದನಿ

ಆ ದನಿ ಸವಿತಾಳದ್ದೇ ಎಂದು ನನಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ.

ನಾನು ಹಾಸನದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಕೊರೋನಾ ಕಳೆದು ಕಾಲೇಜು ಮತ್ತೆ ತೆರೆದಾಗ ಹೊಸ ಪದ್ಧತಿ ಬಂತು — ಪಾಠದ ಅರ್ಧ ಮೊಬೈಲಿನಲ್ಲಿ, ಅರ್ಧ ತರಗತಿಯಲ್ಲಿ. ವ್ಯಾಕರಣದ ವಿಡಿಯೋಗಳನ್ನು ಮಕ್ಕಳು ಮನೆಯಲ್ಲೇ ನೋಡಬೇಕು. ಕೊಟ್ಟ ಪುಟವನ್ನು ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ ಕಳಿಸಬೇಕು. ಡಿಗ್ರಿ ಎರಡನೇ ವರ್ಷದ ಸವಿತಾ ಹಳ್ಳಿಮೈಸೂರಿನಿಂದ, ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದ ಹುಡುಗಿ. ಅವಳು ಕಳಿಸಿದ ಓದು ಎಷ್ಟು ಚೆನ್ನಾಗಿತ್ತೆಂದರೆ — ನಿಲ್ಲಬೇಕಾದಲ್ಲಿ ನಿಂತು, ಪ್ರಶ್ನೆಯನ್ನು ಪ್ರಶ್ನೆಯಂತೆಯೇ ಕೇಳಿ — ಒಂದು ದಿನ ಅದೇ ಪುಟವನ್ನು ಎಲ್ಲರೆದುರು ಓದಲು ಹೇಳಿದೆ. ಎರಡನೇ ಸಾಲಿಗೇ ತಡವರಿಸಿ ನಿಂತಳು.

"ಯಾರ ಕೈಲಿ ಓದಿಸಿ ಕಳಿಸ್ತಿದ್ದೀಯಮ್ಮ?" ಎಂದೆ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

"ನಾನೇ ಓದಿದ್ದು ಸಾ. ಮನೇಲಾದ್ರೆ ಬತ್ತದೆ. ಇಲ್ಲಿ ಎಲ್ಲಾ ನೋಡ್ತಾವ್ರೆ... ನಾಲ್ಗೇನೇ ಏಳಲ್ಲ."

ನಂಬಲಿಲ್ಲ. ಸೊನ್ನೆ ಹಾಕಿದೆ. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೂ ಬಂದೆ.

ಅಂಕಗಳನ್ನು ಆಫೀಸಿಗೆ ಕಳಿಸುವ ಮುಂಚೆ ಅವಳ ರೆಕಾರ್ಡಿಂಗನ್ನು ಮತ್ತೆ ಹಾಕಿದೆ, ಈ ಸಲ ಕೊನೆಯವರೆಗೆ — ಅಲ್ಲಿಯತನಕ ಯಾರದ್ದನ್ನೂ ಪೂರ್ತಿ ಕೇಳಿರಲೇ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಓದು ಮುಗಿದ ಮೇಲೆ ಅವಳು ಫೋನ್ ನಿಲ್ಲಿಸಲು ಮರೆತಿದ್ದಳು. ಅದೇ ದನಿ ಕೂಗಿತು: "ಅವ್ವಾ, ಈ ಸಲ ಒಂದ್ಕಡೇನೂ ತಪ್ಪಲಿಲ್ಲ ಕಣವ್ವ!" ತಾಯಿ ಅಂದರು, "ಊಂ, ಇನ್ನಾದ್ರೂ ಬಾ, ಉಣ್ಣು." ಆಮೇಲೆ ಅವಳ ನಗು.

ಮರುದಿನವೇ ತರಗತಿಯಲ್ಲಿ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ನನ್ನನ್ನು ಹೊಗಳಿದ್ದರು — ಮೊಬೈಲ್ ಪಾಠದ ಮೋಸ ಹಿಡಿದ ಮೇಷ್ಟ್ರು ಎಂದು. ಸೊನ್ನೆಯನ್ನು ಸದ್ದಿಲ್ಲದೆ ತಿದ್ದಿದೆ. ಅಷ್ಟು ಸಾಕು ಅಂದುಕೊಂಡೆ... ಇಂಗ್ಲಿಷ್ ಎಂ.ಎ. ಮಾಡುವ ಆಸೆ ಅವಳಿಗಿತ್ತೆಂದು ತಿಳಿದದ್ದು, ಮುಂದಿನ ವರ್ಷ ಅವಳು ಇಂಗ್ಲಿಷನ್ನೇ ಬಿಟ್ಟು ಬೇರೆ ವಿಷಯ ತೆಗೆದುಕೊಂಡ ಮೇಲೆ. ಅಲ್ಲಿಯವರೆಗೂ ನನ್ನ ತರಗತಿಯಲ್ಲಿ ಅವಳು ಬಾಯಿ ತೆರೆದದ್ದು ಹಾಜರಿಗೆ ಮಾತ್ರ.

ಕಳೆದ ತಿಂಗಳು ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಈಗ ಅಲ್ಲೇ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸವಂತೆ. "ಚೆನ್ನಾಗಿದ್ದೀರಾ ಸಾ?" ಎಂದು ಅವಳೇ ಮಾತಾಡಿಸಿದಳು. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ.

"ಅದು ನನ್ ದನೀನೇ ಅಂತ ನಂಗೊತ್ತಿತ್ತಲ್ಲ ಸಾ," ಎಂದಳು. "ನಕ್ಕೋರಿಗೆ ಏಳ್ಬೇಕಿತ್ತು ನೀವು."

ಬಸ್ಸು ಬಂತು. ಹತ್ತಿ ಹೋದಳು.

ಆ ತರಗತಿಯ ವಾಟ್ಸ್ಯಾಪ್ ಗುಂಪು ಇನ್ನೂ ಇದೆ. ನಿನ್ನೆ ಅದರಲ್ಲಿ ಎಲ್ಲವನ್ನೂ ಬರೆದೆ — ಅವಳು ಮೋಸ ಮಾಡಿರಲಿಲ್ಲವೆಂದು, ಅದು ಗೊತ್ತಿದ್ದೂ ನಾನು ಸುಮ್ಮನಿದ್ದೆನೆಂದು. ಬಹಳ ಮಂದಿ ಓದಿ ಸುಮ್ಮನಾದರು. ಒಬ್ಬ ಮಾತ್ರ ಅವಳ ಕ್ಷಮೆ ಕೇಳಿದ — ಅವತ್ತು ನಕ್ಕವರಲ್ಲಿ ತಾನೂ ಇದ್ದೆನೆಂದು. ಸವಿತಾ ಏನೂ ಬರೆದಿಲ್ಲ. ಬರೆಯಲಿ ಎಂದು ಕಾಯುವ ಹಕ್ಕೂ ನನಗಿಲ್ಲ.