ರಾಣಿವಾಸದೊಳಗೆ ಹೊಳೆ

ಜಮಖಂಡಿ ಕಡೆಯ ಮರಾಠಾ ಮನೆತನದ ಮಗಳೊಬ್ಬಳನ್ನು ಗುಜರಾತಿನ ಸಣ್ಣ ಸಂಸ್ಥಾನವೊಂದಕ್ಕೆ ಕೊಟ್ಟಾಗ, ಅವಳ ಜೊತೆ ಆಡಿ ಬೆಳೆದ ಆಳಿನ ಮಗಳು ನಾಗವೇಣಿಯನ್ನೂ ದಾಸಿಯಾಗಿ ಕಳಿಸಿದರು. ಬೇಕೋ ಬೇಡವೋ ಎಂದು ಯಾರೂ ಅವಳನ್ನು ಕೇಳಲಿಲ್ಲ.

ವಡೋದರಾದಲ್ಲಿ ವಿಶ್ವಾಮಿತ್ರಿ ನದಿಯ ದಂಡೆಗೆ ಆ ಸಂಸ್ಥಾನಿಕರು ಕಟ್ಟಿಸಿಕೊಂಡ ಅರಮನೆ. ರಾಣಿ ಪರಗಂಡಸರ ಕಣ್ಣಿಗೆ ಬೀಳಬಾರದು, ಅತ್ತೆಯ ಎದುರು ಕನ್ನಡ ಆಡಬಾರದು. ತಲೆ ಬಾಚುವಾಗ ಮಾತ್ರ ಇಬ್ಬರೂ ಪಿಸುಗುಟ್ಟುತ್ತಿದ್ದರು. ಒಮ್ಮೆ ರಾಣಿ ಪರದೆ ಸರಿಸಿ ಬೀದಿಯ ಮೆರವಣಿಗೆ ನೋಡಿದಳು. ಶಿಕ್ಷೆಯಾದದ್ದು ದಾಸಿಗೆ. ಅತ್ತೆ ಅವಳನ್ನು ಕಾಳಿನ ಕೋಣೆಯಲ್ಲಿ ಕೂಡಿಹಾಕಿಸಿದಳು. ರಾಣಿ ತುಟಿ ಬಿಚ್ಚಲಿಲ್ಲ. ನಾಗವೇಣಿ ಅದನ್ನು ಮರೆಯಲಿಲ್ಲ.

ಸಂಸ್ಥಾನ ಹೋಯಿತು. ಅತ್ತೆ ಸತ್ತಳು, ರಾಜನೂ ತೀರಿಕೊಂಡ. ೧೯೯೪ರ ಹೊತ್ತಿಗೆ ಸೋರುವ ಅರಮನೆಯಲ್ಲಿ ಉಳಿದವರು ಈ ಇಬ್ಬರು ಮುದುಕಿಯರೇ. ಆದರೂ ಹಾಲಿನವನ ದನಿ ಕೇಳಿದರೆ ಸಾಕು, ರಾಣಿ ಒಳಗೆ ಸರಿಯುತ್ತಿದ್ದಳು.

ಆ ಮಳೆಗಾಲ ಹೊಳೆ ಉಕ್ಕಿತು. ಬೆಳಗಾಗುವುದರೊಳಗೆ ಅಂಗಳ ಮುಳುಗಿ, ನೀರು ರಾಣಿವಾಸದ ಮೆಟ್ಟಿಲು ಹತ್ತತೊಡಗಿತು. ತುಳಸಿಕಟ್ಟೆಯ ಪಕ್ಕ ಮೊಸಳೆಯೊಂದು ತೇಲುತ್ತಿದ್ದುದನ್ನು ನಾಗವೇಣಿ ಕಂಡಳು. ಹಿಂದಿನ ಗೋಡೆ ದೊಪ್ಪನೆ ಕುಸಿಯಿತು. ಅಷ್ಟರಲ್ಲಿ ದೋಣಿ ಬಂತು. ಅದರಲ್ಲಿದ್ದವರೆಲ್ಲ ಗಂಡಸರು. ಬೇಗ ಬನ್ನಿ, ಇನ್ನೊಮ್ಮೆ ಬರಲಾಗದು ಎಂದು ಗುಜರಾತಿಯಲ್ಲಿ ಕೂಗಿದರು.

ರಾಣಿ ಮಂಚ ಬಿಟ್ಟು ಏಳಲಿಲ್ಲ. ಅವರನ್ನು ಕಳಿಸಿಬಿಡು ಎಂದಳು. ಅತ್ತೆಗೆ ಏನು ಹೇಳಲಿ ಎಂದೂ ಕೇಳಿದಳು.

ಮದುವೆಯಾದ ಮೇಲೆ ಯಾರೂ ಕರೆಯದಿದ್ದ ತವರಿನ ಹೆಸರು ಹಿಡಿದು ನಾಗವೇಣಿ ರಾಣಿಯನ್ನು ಕರೆದಳು.

"ಚಂಪಾ, ನಿಮ್ಮತ್ತಿ ಸತ್ತು ಮಣ್ಣಾಗ್ಯಾಳ. ನೀ ಏಳತೀಯೋ, ನಾ ಎಳಕೊಂಡು ಹೋಗಲೋ?"

ರಾಣಿ ಅವಳನ್ನೇ ದಿಟ್ಟಿಸಿದಳು. "ನನಗ ಆಜ್ಞಾ ಮಾಡತೀ ಏನು?"

"ಹೂಂ. ಮಾಡತೀನಿ."

ನೀರು ಮಂಚದ ಕಾಲು ಮುಟ್ಟಿತು. ನಾಗವೇಣಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು, ಮೆಟ್ಟಿಲಿಳಿಸಿ ಅಂಗಳದ ಸೊಂಟಮಟ್ಟ ನೀರಿನಲ್ಲಿ ಹೊರಬಾಗಿಲಿನವರೆಗೆ ನಡೆಸಿದಳು. ಕಾಲಿಗೆ ಏನೋ ತಾಗಿತು. ಮೊಸಳೆಯೆಂದು ನಾಗವೇಣಿ ಗಕ್ಕನೆ ನಿಂತಳು. ತೇಲಿಬಂದ ಮಣೆ. ದೋಣಿಯವನೊಬ್ಬ ಕೈ ಚಾಚಿದ. ರಾಣಿಯ ಸೆರಗು ಜಾರಿ ಬಿಳಿಯ ತಲೆ ಬಯಲಾಯಿತು. ಆತ ಆ ಕಡೆ ನೋಡಲೂ ಇಲ್ಲ. ಅಜ್ಜಿ, ಗಟ್ಟಿಯಾಗಿ ಹಿಡಿದುಕೋ ಎಂದನಷ್ಟೆ. ದೋಣಿಯಲ್ಲಿ ಕೂತ ರಾಣಿ ಮುಖ ಮುಚ್ಚಿಕೊಳ್ಳದೆ ದಂಡೆಯ ಮನೆಗಳನ್ನು ನೋಡುತ್ತ ಹೋದಳು.

ಮುಂದೆ ಇಬ್ಬರೂ ಅದೇ ಊರಿನ ಮಂಜಲ್‌ಪುರ ಬಡಾವಣೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ರಾಣಿ ಬಹಳ ದಿನ ಮುನಿಸಿಕೊಂಡೇ ಇದ್ದಳು. ನಾಗವೇಣಿ ಸಮಾಧಾನ ಮಾಡಲು ಹೋಗಲಿಲ್ಲ. ಅಷ್ಟೂ ವರ್ಷ ನೆಲದ ಮೇಲೆ ಮಲಗಿದ್ದವಳು ತನಗೂ ಒಂದು ಮಂಚ ತರಿಸಿಕೊಂಡಳು. ರಾಣಿ ಅದನ್ನು ನೋಡಿದಳು. ಮರುದಿನ ಸಂಜೆ, ಸಂತೆಗೆ ಹೊರಟ ನಾಗವೇಣಿಯ ಕೈಯಿಂದ ಚೀಲ ತೆಗೆದುಕೊಂಡು, ತಾನೂ ಬರುತ್ತೇನೆಂದು ಚಪ್ಪಲಿ ಹುಡುಕತೊಡಗಿದಳು.