ಹಿತ್ತಾಳೆ ಪೆಟ್ಟಿಗೆ ಹೊತ್ತು ಮರಳಿದವರು

ಬೀದಿದೀಪ ಇನ್ನೂ ಆರಿಲ್ಲ. ಮಹಡಿ ಮೆಟ್ಟಿಲ ಕೆಳಗಿನ ಇಸ್ತ್ರಿ ಅಂಗಡಿಯಲ್ಲಿ ಇದ್ದಿಲು ಕೆಂಪಾಗುತ್ತಿದೆ. ಇಸ್ತ್ರಿಯಣ್ಣ ಹಿತ್ತಾಳೆ ಪೆಟ್ಟಿಗೆಗೆ ಕೆಂಡ ತುಂಬಿ, ಒದ್ದೆ ಬಟ್ಟೆಯ ಮೇಲೆ ಒಮ್ಮೆ ಒತ್ತುತ್ತಾರೆ. ಚುಂಯ್ ಎನ್ನುತ್ತದೆ. ಕಾವು ಹದವಾಗಿದೆ. ಆದರೂ ಅಂಗಿಗೆ ಪೆಟ್ಟಿಗೆ ತಾಗಿಸುವುದಿಲ್ಲ. ಮೊದಲು ಅದರ ಜೇಬಿಗೆ ಕೈ ಹಾಕುತ್ತಾರೆ.

ಇವತ್ತು ಸಿಕ್ಕಿದ್ದು ಒಂದು ಕಿವಿಯೋಲೆ. ತಕ್ಷಣ ಅದನ್ನು ಪಿನ್ನಿನಿಂದ ತಮ್ಮ ಅಂಗಿಯ ಎದೆಗೇ ಸಿಕ್ಕಿಸಿಕೊಳ್ಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಬೀಗದ ಕೈ, ಮಡಚಿದ ನೋಟು, ಯಾರದೋ ಗುಂಡಿ ಎಲ್ಲವೂ ತೂಗಾಡುತ್ತವೆ. ಗಿರಾಕಿಗಳು ಬಂದು ತಮ್ಮದನ್ನು ಬಿಚ್ಚಿಕೊಂಡು ಹೋಗುತ್ತಾರೆ. "ಪಕ್ಕಕ್ಕಿಟ್ಟು ಆಮೇಲೆ ಕೊಡೋಣ ಅನ್ನಬಾರದು. ನನ್ನ ಹೆಸರು ಹೊಸದು, ಕೈ ಹಳೇದೇ ಅಲ್ವಾ?" ಎಂದು ನಗುತ್ತಾರೆ.

ಆ ನಗುವಿನ ಹಿಂದೆ ಒಂದು ಕತೆಯಿದೆ. ಹದಿಹರೆಯದಲ್ಲಿ ಇದೇ ಅಂಗಡಿಗೆ ಸೇರಿದವರು ಇವರು. ಅಂಗಡಿಯ ಯಜಮಾನರು ಮನೆಯಲ್ಲೇ ಊಟ ಹಾಕಿ ಕೆಲಸ ಕಲಿಸಿದರು; ಜೊತೆಗೆ ಬೈಗುಳವೂ ಧಾರಾಳವಾಗಿತ್ತು. ಒಂದು ದಿನ ಸಿಟ್ಟು ನೆತ್ತಿಗೇರಿ, ಯಜಮಾನರ ತಂದೆಯ ಕಾಲದ ಈ ಹಿತ್ತಾಳೆ ಪೆಟ್ಟಿಗೆಯನ್ನೇ ಎತ್ತಿಕೊಂಡು ಹುಡುಗ ಪರಾರಿಯಾದ. ದೂರದ ಊರಿನಲ್ಲಿ ಅದೇ ಪೆಟ್ಟಿಗೆ ಹೊಟ್ಟೆ ಹೊರೆಯಿತು. ಮದುವೆಯೂ ಆಯಿತು. ಹೆಂಡತಿಯ ಜೊತೆ ಚರ್ಚಿಗೆ ಹೋಗುತ್ತಾ ಹೋಗುತ್ತಾ ನಂಬಿಕೆ ಬೇರೂರಿ, ದೀಕ್ಷಾಸ್ನಾನ ಪಡೆಯಲು ಮನಸ್ಸು ಮಾಡಿದರು.

ಹೊಸ ಹೆಸರು ಆರಿಸಿಕೊಳ್ಳಲೆಂದು ಪಾದ್ರಿಗಳು ಬೈಬಲಿನ ಕೆಲವು ಹೆಸರುಗಳನ್ನೂ ಅವುಗಳ ಅರ್ಥವನ್ನೂ ಹೇಳಿದರು. ಒನೇಸಿಮ ಎಂದರೆ ಪ್ರಯೋಜನಕ್ಕೆ ಬರುವವನು ಎಂದದ್ದೇ ತಡ, ಇವರು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಚಿಕ್ಕಂದಿನಿಂದ "ಯಾವ ಪ್ರಯೋಜನಕ್ಕೂ ಬರಲ್ಲ" ಎಂದು ಬೈಸಿಕೊಂಡೇ ಬೆಳೆದವರು, ಪಾಪ.

ಅರ್ಥ ಕೇಳಿದರು, ಕತೆ ಕೇಳಲಿಲ್ಲ. ಅಲ್ಲೇ ಎಡವಟ್ಟಾಯಿತು. ಕೆಲವು ತಿಂಗಳ ನಂತರ ಒಂದು ಭಾನುವಾರ ಚರ್ಚಿನಲ್ಲಿ ಪಾದ್ರಿಗಳ ಪ್ರವಚನ ಕೇಳುವಾಗ ಗೊತ್ತಾಯಿತು: ಒನೇಸಿಮ ಧಣಿಯ ಮನೆಯಿಂದ ಓಡಿಹೋದ ಆಳು, ನಂಬಿಕೆಗೆ ಬಂದ ಮೇಲೆ ಅದೇ ಧಣಿಯ ಬಾಗಿಲಿಗೆ ಹಿಂತಿರುಗಿದವನು.

"ಕೂತಲ್ಲೇ ಬೆವರು ಕಿತ್ಕೊಂಡು ಬಂತು. ಮೊದಲೇ ಹೇಳಿದ್ರೆ ಬೇರೆ ಹೆಸರು ತಗೋತಿದ್ದೆ. ಬೇಕಾದಷ್ಟಿದ್ವು!"

ಮನೆಯಲ್ಲಿ ಹೆಂಡತಿಯ ಮುಂದೆ ಎಲ್ಲವನ್ನೂ ಬಾಯಿಬಿಟ್ಟರು. ಆಕೆ ಪಾತ್ರೆ ತೊಳೆಯುವುದನ್ನು ನಿಲ್ಲಿಸದೆಯೇ ಹೇಳಿದ್ದು ಇಷ್ಟು: "ಹೆಸರು ವಾಪಸ್ ಕೊಡ್ತೀರೋ, ಪೆಟ್ಟಿಗೆ ವಾಪಸ್ ಕೊಡ್ತೀರೋ, ನೀವೇ ನೋಡಿ."

ಮೀನಮೇಷ ಎಣಿಸುತ್ತಾ ವರ್ಷ ಕಳೆದು, ಕೊನೆಗೂ ಹೊರಟರು. "ಪೆಟ್ಟಿಗೆ ಯಜಮಾನ್ರ ಬಾಗಿಲಲ್ಲಿಟ್ಟು ಕೈ ಮುಗಿದೆ. ಪೊಲೀಸರನ್ನ ಕರೀತಾರೆ ಅಂದ್ಕೊಂಡಿದ್ದೆ. ಹೊಸ ಹೆಸರು ಹೇಳಿದೆ. 'ಹೆಸರು ಬದಲಾದ್ರೆ ಕೈ ಬದಲಾಗುತ್ತಾ?' ಅಂದ್ರು. ಆಮೇಲೆ, 'ಏನ್ ನಿಂತ್ಕೊಂಡು ನೋಡ್ತೀಯ, ಬಟ್ಟೆ ರಾಶಿ ಬಿದ್ದಿದೆ' ಅಂದ್ರು. ಅವತ್ತು ಒಳಗೆ ಬಂದೋನು, ಇಲ್ಲೇ ಇದ್ದೀನಿ."

ಈಗ ದಿನಕ್ಕೆ ನೂರರ ಆಸುಪಾಸು ಬಟ್ಟೆ. ಮುಂಗೈ ತುಂಬ ಸುಟ್ಟ ಕಲೆ, ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ. ಯಜಮಾನರಿಗೆ ಕೈ ನಡುಕ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಪ್ರತಿ ಭಾನುವಾರ ತಾವು ಚರ್ಚಿಗೆ ಹೋಗುವ ಮುನ್ನ ಇಸ್ತ್ರಿಯಣ್ಣನೇ ಅವರ ಗಡ್ಡ ಹೆರೆದು, ಒಗೆದ ಅಂಗಿ ತೊಡಿಸುತ್ತಾರೆ. ಆದರೆ ಯಜಮಾನರು ಇವರನ್ನು ಕರೆಯುವುದು ಇವತ್ತಿಗೂ "ಏಯ್" ಎಂದೇ. ಆ ಹೆಸರಿಗೆ ತಮ್ಮ ನಾಲಗೆ ಹೊರಳುವುದಿಲ್ಲವಂತೆ. ಅದರ ಅರ್ಥವೇನೆಂದು ಕೇಳಿದವರೂ ಅಲ್ಲ.

"ನಾನಾಗಿ ಹೇಳಿದ್ರೆ ಬಡಾಯಿ ಆಗುತ್ತೆ. ಒಂದ್ಸಲ, ಒಂದೇ ಒಂದ್ಸಲ ಅವರ ಬಾಯಲ್ಲಿ ಆ ಹೆಸರು ಕೇಳಬೇಕು. ಇನ್ನೇನೂ ಆಸೆ ಇಲ್ಲ," ಎನ್ನುತ್ತಾ ಇಸ್ತ್ರಿಯಣ್ಣ ಮುಂದಿನ ಅಂಗಿಯ ಜೇಬಿಗೆ ಕೈ ಹಾಕುತ್ತಾರೆ.

ಬಿಸಿಲೇರುವ ಹೊತ್ತಿಗೆ, ಬೀದಿಗೆ ಹೊಸದಾಗಿ ಬಂದ ಹೆಂಗಸೊಬ್ಬರು ರೇಷ್ಮೆ ಸೀರೆ ಹಿಡಿದು ಬರುತ್ತಾರೆ. ಇಸ್ತ್ರಿಯಣ್ಣನ ಎದೆಯ ಮೇಲಿನ ಕಿವಿಯೋಲೆಯನ್ನು ಅನುಮಾನದಿಂದ ನೋಡಿ, ಯಜಮಾನರ ಬಳಿ ದನಿ ತಗ್ಗಿಸುತ್ತಾರೆ. "ನಮ್ಮಮ್ಮನ ಸೀರೆ ಇದು. ಇವರನ್ನ ನಂಬಿ ಕೊಡಬಹುದಾ?"

ಇಸ್ತ್ರಿಯಣ್ಣನ ಕೈ ನಿಲ್ಲುತ್ತದೆ. ಯಜಮಾನರು ಮನಸ್ಸು ಮಾಡಿದರೆ ಒಂದೇ ಮಾತು ಸಾಕು, ಹಳೆಯದೆಲ್ಲ ಬೀದಿಗೆ ಬೀಳುತ್ತದೆ. ಅವರು ಹಿತ್ತಾಳೆ ಪೆಟ್ಟಿಗೆಯನ್ನು ನೋಡುತ್ತಾರೆ, ಅದರ ಹಿಡಿಯ ಮೇಲಿನ ಕೈಯನ್ನು ನೋಡುತ್ತಾರೆ.

"ಕೊಡಮ್ಮ," ಎನ್ನುತ್ತಾರೆ. "ಪ್ರಯೋಜನಕ್ಕೆ ಬರೋ ಮನುಷ್ಯ."

ಅಂಗಿ ಸೀಯುವ ಮುಂಚೆ ಇಸ್ತ್ರಿಯಣ್ಣ ಗಡಬಡಿಸಿ ಪೆಟ್ಟಿಗೆ ಎತ್ತುತ್ತಾರೆ. ಕಣ್ಣು ಒರೆಸಿಕೊಂಡು, ಹೊಗೆ ಎಂದು ನೆಪ ಹೇಳುತ್ತಾರೆ. ಆಮೇಲೆ ಮೆಲ್ಲಗೆ, "ಕೇಳಿಸ್ತಾ? ಹೆಸರು ಹಿಡಿದು ಕರೆದ್ರು."