ಗಿರಿಜವ್ವನ ತಂತಿಮ್ಯಾಲಿನ ಚಡ್ಡಿ

ಸ್ವಲ್ಪ ಹತ್ರ ಬರ್ರಿ, ಇದು ನಿಮ್ಮ ಹೊಟ್ಯಾಗ ಇರಲಿ. ಬ್ಯಾಡಗಿಯೊಳಗ ಮೆಣಸಿನಕಾಯಿ ತೊಟ್ಟು ಬಿಡಿಸೋ ಮುಂದ ನಮ್ಮ ಸಾವಕ್ಕ ಒಂದು ಕಾದಂಬರಿ ಓದಿ ಹೇಳತಿದ್ಲು. ಈಜಿನ ಪಂದ್ಯ ಗೆದ್ದ ನಾಯಕ ಅಂಗೈಯಷ್ಟು ಚಡ್ಡಿ ಹಾಕ್ಕೊಂಡು ನೀರಾಗಿಂದ ಬಂಗಾರದ ಗೊಂಬಿಹಂಗ ಎದ್ದು ಬಂದನಂತ. ಎಲ್ಲಾರೂ ಮುಸಿಮುಸಿ ನಕ್ರು. ನನ್ನ ಬಾಯಿ ಸುಮ್ಮನಿರತೈತೇನು?

"ಅಂಥಾದ್ದ ಒಂದು ಗಿರಿಜವ್ವನ ಹಿತ್ತಲದಾಗ ವಾರವಾರ ಒಣಗತೈತಿ. ಗಂಡಸರಿಲ್ಲದ ಮನಿ, ಯಾರದವ್ವಾ ಅದು?" ಅಂದೆ.

ಕರ್ಜಗಿ ಊರು ಬಿಟ್ಟು ಈಗೀಗ ನಮ್ಮ ಬಾಜೂಮನಿಗೆ ಬಂದಾಕಿ ಗಿರಿಜವ್ವ. ಎದುರಿಗೇ ಕುಂತಿದ್ಲು. ತೊಟ್ಟು ಬಿಡಿಸೋದು ನಿಲ್ಲಿಸಲಿಲ್ಲ.

"ನನ್ನ ಮಗಂದು, ಅಕ್ಕಾ. ಪಂದ್ಯಕ್ಕ ಈಜತಿದ್ದ. ಹೊಳ್ಯಾಗಿಂದ ಅವನ್ನ ತಗದಾಗ ಮಾರಿ ಗುರುತು ಸಿಗಲಿಲ್ಲ, ಆ ಚಡ್ಡಿ ನೋಡಿ ಹೌದಂದೆ. ಎಷ್ಟು ತೊಳದ್ರೂ ಉಸುಕು ಹೋಗವಲ್ಲದು. ನಿಮ್ಮ ಕಾದಂಬರ್ಯಾಗ ಉಸುಕಿನ ಸುದ್ದಿ ಬರದಾರೇನು?"